ದ್ವಿಮಾನ ಪದ್ಧತಿ ಮತ್ತು ಒಂದು ಕಣಗಿಲೆ ಹೂ

ದ್ವಿಮಾನ ಪದ್ಧತಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಕೇಳಿದವರ ತಪ್ಪೇನೂ ಇರುವುದಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸಿದವಳು ನಾನು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಬೇಕು. ಆದರೂ ಸಿಡುಕುತ್ತೇನೆ. ಓಣಿಯ ಹುಡುಗಿಯರು ಪುಸ್ತಕ ಹಿಡಿದುಕೊಂಡು ಬಂದು "ಬೈನರಿ ಅಂದ್ರ ಏನ್ರಿ ಬಾಯಾರ?" ಅಂದರೆ "ಸಾಲ್ಯಾಗ ಕುಂತು ಏನ್ ಕಡ್ಲಿ ತಿಂತೀರೇನು?" ಎಂದು ಗದರಿಬಿಡುತ್ತೇನೆ. ಆಮೇಲೆ ಪಾಪ ಅನ್ನಿಸಿ, ಕರೆದು ಕೂರಿಸಿಕೊಂಡು, ಹೇಳಿಕೊಡುತ್ತೇನೆ. ಟೀಚರ ಬಾಯಿಗೆ ಹೆದರಿದ ಆ ಹುಡುಗಿಯರಿಗೆ ನನ್ನ ಸಿಟ್ಟು ಎಲ್ಲಿಂದ ಬಂದದ್ದು ಎಂದು ಹೇಗೆ ತಿಳಿಯಬೇಕು? ಯಾರಿಗೂ ಹೇಳಿಲ್ಲ ನಾನು. ಈಗ ಬರೆಯುತ್ತಿದ್ದೇನೆ.

ಆ ಶಬ್ದ ಮೊದಲು ನನ್ನ ಕಿವಿಗೆ ಬಿದ್ದದ್ದು ಅರವತ್ತರ ದಶಕ ಮುಗಿಯುತ್ತ ಬಂದಾಗ. ನಮ್ಮೂರಿಗೆ ಈಗ ವಿಜಯಪುರ ಅನ್ನುತ್ತಾರೆ, ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ಹೊಸ ಗಣಿತ ಬರುತ್ತದೆ, ಹಳೆಯ ಪುಸ್ತಕ ಕಟ್ಟಿಡಿ ಎಂದು ಸುತ್ತಲಿನ ಊರುಗಳ ಗಣಿತದ ಮಾಸ್ತರರನ್ನೆಲ್ಲ ಬೇಸಿಗೆ ಸೂಟಿಯಲ್ಲಿ ಒಂದು ಸಾಲೆಯಲ್ಲಿ ಕೂಡಿಹಾಕಿ ತರಬೇತಿ ಕೊಟ್ಟರು. ಮೇ ತಿಂಗಳ ಬಿಸಿಲು, ಮೇಲೆ ತಗಡು. ಧಾರವಾಡದ ಕಡೆಯಿಂದ ಬಂದ ಪ್ರಾಧ್ಯಾಪಕರೊಬ್ಬರು ಹಲಗೆಯ ಮೇಲೆ ಒಂದು, ಸೊನ್ನೆ ಎಂದು ಬರೆದು, ಇವೆರಡೇ ಸಾಕು, ಜಗತ್ತಿನ ಯಾವ ಸಂಖ್ಯೆಯನ್ನಾದರೂ ಬರೆಯಬಹುದು ಅಂದರು. ಕಳ್ಳಕವಟಗಿಯ ಹಿರಿಯ ಮಾಸ್ತರರೊಬ್ಬರು ರುಮಾಲು ತೆಗೆದು ತಲೆ ತೋರಿಸಿ, "ಹತ್ತು ಅಂಕಿ ಕಲಸೂದ್ರಾಗ ಇವು ಬೆಳ್ಳಗಾದುವ್ರಿ ಸರ್. ಈಗ ಎಂಟು ಅಂಕಿ ಕಸ್ಗೊಂಡು ಎರಡರಾಗ ಸಂಸಾರ ಮಾಡು ಅಂದ್ರ ಹ್ಯಾಂಗ್ರಿ?" ಎಂದರು. ನಕ್ಕು ನಕ್ಕು ನಮಗೆಲ್ಲ ಸಾಕಾಯಿತು.

ನನಗೆ ಮಾತ್ರ ಅದು ಕೂಡಲೇ ಹಿಡಿಸಿತು. ದಿನಾ ನಾವು ಎಣಿಸುವುದು ಹತ್ತರ ಆಧಾರದ ಮೇಲೆ. ಬಿಡಿ, ಹತ್ತು, ನೂರು, ಸಾವಿರ ಎಂದು ಪ್ರತಿ ಮನೆ ಹಿಂದಿನ ಮನೆಯ ಹತ್ತು ಪಟ್ಟು. ದ್ವಿಮಾನದಲ್ಲಿ ಪ್ರತಿ ಮನೆ ಹಿಂದಿನದರ ಎರಡು ಪಟ್ಟು: ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಆ ಮನೆ ತುಂಬಿದ್ದರೆ ಒಂದು ಬರೆಯಬೇಕು, ಖಾಲಿ ಇದ್ದರೆ ಸೊನ್ನೆ. ಐದಕ್ಕೆ ನಾಲ್ಕರ ಮನೆ ತುಂಬಿದೆ, ಎರಡರ ಮನೆ ಖಾಲಿ, ಒಂದರ ಮನೆ ತುಂಬಿದೆ, ಆದ್ದರಿಂದ ೧೦೧. ಇಷ್ಟೇ. ಹೌದು ಅಥವಾ ಅಲ್ಲ ಎಂಬ ಒಂದು ಉತ್ತರದಲ್ಲಿ ಹಿಡಿಯುವಷ್ಟು ಸುದ್ದಿಗೆ ಬಿಟ್ ಎಂದು ಹೆಸರು. ಅದಕ್ಕಿಂತ ಸಣ್ಣ ಸುದ್ದಿ ಇಲ್ಲ ಎಂದರು ಪ್ರಾಧ್ಯಾಪಕರು. ಇನ್ನೊಂದು ಮಾತನ್ನೂ ಹೇಳಿದರು. ದೀಪ ಹತ್ತಿದರೆ ಒಂದು, ಆರಿದರೆ ಸೊನ್ನೆ ಅನ್ನಬಹುದು. ತಿರುವುಮುರುವಾಗಿಯೂ ಅನ್ನಬಹುದು, ತಪ್ಪಿಲ್ಲ. ಆದರೆ ಯಾವುದು ಒಂದು, ಯಾವುದು ಸೊನ್ನೆ ಎಂದು ಹೇಳುವವನೂ ಕೇಳುವವನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಅದಕ್ಕೆ ಸಂಕೇತ ಅನ್ನುತ್ತಾರೆ. ಈ ಮಾತಿನ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡಿದ್ದೆ. ಶಾಣೆ ನಾನು!

ನನ್ನ ತವರು ತಿಕೋಟಾ. ಅವ್ವ ಹೋದಾಗ ನನಗೆ ಹದಿನಾರು, ತಂಗಿಗೆ ಆರು. ಅಪ್ಪ ಎರಡನೆಯ ಮದುವೆ ಒಲ್ಲೆ ಅಂದ. ತಂಗಿಯ ಹೆರಳು ಹಾಕುವುದರಿಂದ ಹಿಡಿದು ಅಕ್ಷರ ತಿದ್ದಿಸುವವರೆಗೆ ಎಲ್ಲ ನನ್ನ ಪಾಲಿಗೆ ಬಂತು. ಐವತ್ತರ ದಶಕದ ಕೊನೆಯಲ್ಲಿ, ಆಕೆಗೆ ಒಂಬತ್ತು ವರ್ಷವಿದ್ದಾಗ, ಒಂದು ಜ್ವರ ಬಂತು. ಮೊಣಕಾಲು ಬಾತು, ಅದು ಇಳಿದರೆ ಮೊಣಕೈ ಬಾತು, ಅದು ಇಳಿದರೆ ಮಣಿಕಟ್ಟು. ಬೆಳೆಯುವ ಹುಡುಗಿ, ಕೈಕಾಲು ನೋಯುತ್ತವೆ ಎಂದು ಓಣಿಯ ಹೆಂಗಸರು ಎಣ್ಣೆ ತಿಕ್ಕಿದರು. ಒಮ್ಮೆ ಮಾತ್ರ ಮೋಟಾರಿನಲ್ಲಿ ವಿಜಾಪುರಕ್ಕೆ ಕರೆದುಕೊಂಡು ಹೋದೆ. ತೊರವಿ ದಾಟುವಷ್ಟರಲ್ಲಿ ಆಕೆ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ದವಾಖಾನೆಯಲ್ಲಿ ಗುಳಿಗೆ ಕೊಟ್ಟರು, ಜ್ವರ ಬಿಟ್ಟಿತು, ನಾವು ಮರೆತೆವು.

ನನಗೆ ವಿಜಾಪುರದಲ್ಲಿ ನೌಕರಿ ಹತ್ತಿದ ಮೇಲೆ ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ ಒಂದು ಖೋಲಿ ಹಿಡಿದೆ. ಅಪ್ಪ ಹಾಸಿಗೆ ಹಿಡಿದಿದ್ದ. ತಾನು ಕಣ್ಣು ಮುಚ್ಚುವುದರೊಳಗೆ ಒಬ್ಬಳದಾದರೂ ಮದುವೆ ಆಗಲಿ ಎಂದು ಹಟ ಹಿಡಿದ. ನಾನು ಒಲ್ಲೆ ಅಂದೆ, ತಂಗಿ ಹೂಂ ಅಂದಳು. ಹದಿನೇಳಕ್ಕೆ ಬಬಲೇಶ್ವರಕ್ಕೆ ಕೊಟ್ಟೆವು. ಗಂಡ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತ, ಮೆತ್ತನೆಯ ಮನುಷ್ಯ. ಮನೆಯಲ್ಲಿ ಅತ್ತೆ ಒಬ್ಬರೇ. ಆರು ತಿಂಗಳಿಗೆ ಅಪ್ಪನೂ ಹೋದ. ಅಲ್ಲಿಗೆ ತಂಗಿಗೆ ತವರು ಅಂದರೆ ನಾನು, ನನಗೆ ಮನೆಯವರು ಅಂದರೆ ತಂಗಿ.

ಆಕೆಯ ಅತ್ತೆಯ ಬಗ್ಗೆ ಕೆಟ್ಟದ್ದು ಬರೆಯಲು ನನಗೆ ಏನೂ ಇಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಸೊಸೆಗೆ ದಣಿವು ಹೆಚ್ಚು ಎಂದು ಗೊತ್ತಾದ ದಿನದಿಂದ ಆಕೆಯ ಕೈಗೆ ಕೊಡ ಕೊಟ್ಟವರಲ್ಲ. ಬೀಸುವುದು, ಕುಟ್ಟುವುದು, ರೊಟ್ಟಿ ಬಡಿಯುವುದು ಎಲ್ಲ ತಾವೇ. ನೆರೆಯವರು ಆಡಿಕೊಂಡರೆ "ನನ್ನ ಸೊಸಿ, ನನ್ನ ರೊಟ್ಟಿ, ನಿಮ್ಮ ಗಂಟೇನು ಹೋತು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ತರಬೇತಿ ಮುಗಿದ ಮೇಲಿನ ಮೊದಲ ರವಿವಾರ ಬಬಲೇಶ್ವರಕ್ಕೆ ಹೋದಾಗ ತಂಗಿ ಪಡಸಾಲೆಯ ಹೊರಸಿನ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೇಜಾರು ಕಳೆಯಲಿ ಎಂದು ಆಕೆಗೆ ದ್ವಿಮಾನ ಹೇಳಿಕೊಟ್ಟೆ. ಬೆರಳು ಎತ್ತಿದರೆ ಒಂದು, ಮಡಚಿದರೆ ಸೊನ್ನೆ. ಹೆಬ್ಬೆರಳು ಒಂದರ ಮನೆ, ತೋರುಬೆರಳು ಎರಡರದು, ನಡುಬೆರಳು ನಾಲ್ಕರದು, ಉಂಗುರದ ಬೆರಳು ಎಂಟರದು, ಕಿರುಬೆರಳು ಹದಿನಾರರದು. ಒಂದೇ ಕೈಯಲ್ಲಿ ಮೂವತ್ತೊಂದರವರೆಗೆ ಎಣಿಸಬಹುದು.

"ಸುಳ್ಳ ಹೇಳಬ್ಯಾಡ. ಐದ ಬೆರಳಿಗೆ ಐದ" ಅಂದಳು.

ಎಣಿಸಿ ತೋರಿಸಿದೆ. ತನ್ನ ವಯಸ್ಸು ಎಷ್ಟು, ತೋರಿಸು ಅಂದಳು. ಕಿರುಬೆರಳು, ತೋರುಬೆರಳು, ಹೆಬ್ಬೆರಳು ಎತ್ತಿ ಉಳಿದೆರಡು ಮಡಚಿಸಿದೆ. ಹದಿನಾರು, ಎರಡು, ಒಂದು, ಹತ್ತೊಂಬತ್ತು. ಆಕೆ ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ಅತ್ತೆಗೆ, ಗಂಡನಿಗೆ, ಮೊಸರು ಮಾರಲು ಬಂದವಳಿಗೆ ತೋರಿಸಿದಳು. ಎರಡೂ ಕೈ ಸೇರಿದರೆ ಸಾವಿರದ ಇಪ್ಪತ್ಮೂರರವರೆಗೆ ಬರುತ್ತದೆ ಎಂದದ್ದೇ ತಡ, ಅದನ್ನು ಮಾಡದೆ ಬಿಡುವುದಿಲ್ಲ ಅಂದಳು. ಮುಂದಿನ ರವಿವಾರ ಹೋದಾಗ ಇನ್ನೂರರವರೆಗೆ ಬಂದಿದ್ದಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಹುಡುಗಿಗೆ ಬೆರಳಿನ ಮೇಲಾದರೂ ದೂರ ಹೋಗುವುದು ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ. ಆಕೆಯ ಉಗುರು ನೀಲಿಗಟ್ಟಿದ್ದನ್ನು ನೋಡಿದ್ದು ಆ ದಿನವೇ.

ವಿಜಾಪುರದ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನನ್ನೂ ಆಕೆಯ ಗಂಡನನ್ನೂ ಹೊರಗೆ ಕರೆದು ಹೇಳಿದರು. "ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತಲ್ಲ, ಅದು ಕೀಲು ಬಿಟ್ಟು ಎದಿ ಹಿಡದೈತಿ. ಎದಿ ಒಳಗ ರಕ್ತ ದಾಟೋ ಬಾಗಿಲಾ ಇರತಾವು. ಒಂದ ತೆರೀಬೇಕು, ಇಲ್ಲಾ ಮುಚ್ಚಬೇಕು. ಈಕಿದು ಪೂರಾ ತೆರಿಯಂಗಿಲ್ಲ." ಮುಂಬಯಿಯಲ್ಲಿ ಎದೆ ಕೊಯ್ದು ಆ ಬಾಗಿಲನ್ನು ಬಿಡಿಸುತ್ತಾರೆ, ಹತ್ತರಲ್ಲಿ ಬಹಳ ಮಂದಿ ಎದ್ದು ಓಡಾಡುತ್ತಾರೆ, ಆದರೆ ಚಳಿಗಾಲ ಬರುವುದರೊಳಗೆ ಒಯ್ಯಬೇಕು ಎಂದರು. ಕಾಗದವನ್ನೂ ತಾವೇ ಬರೆದು ಕೊಟ್ಟರು. ತಂಗಿಯ ಗಂಡನ ಕಡೆಯವರೊಬ್ಬರು ಮುಂಬಯಿಯ ಗಿರಣಿಯಲ್ಲಿದ್ದರು. ಅವರು ಓಡಾಡಿ ಅಲ್ಲಿನ ದವಾಖಾನೆಯಲ್ಲಿ ಹಾಸಿಗೆ ಗೊತ್ತು ಮಾಡಿದರು. ಟ್ರಂಕು ತುಂಬಿದ್ದೂ ಆಯಿತು.

ಉಳಿದದ್ದು ಒಂದೇ. ಆ ಮನೆಯಲ್ಲಿ ಹೂ ಕೇಳದೆ ಯಾವ ದೊಡ್ಡ ಕೆಲಸವನ್ನೂ ಮಾಡುತ್ತಿರಲಿಲ್ಲ. ಹೊಲದ ದಂಡೆಯಲ್ಲಿ ಅವರ ಮನೆದೇವಿಯ ಸಣ್ಣ ಗುಡಿ. ದೇವಿಯ ಎರಡೂ ಭುಜದ ಮೇಲೆ ಒಂದೊಂದು ಹೂವನ್ನು ನೀರಿನಿಂದ ಅಂಟಿಸಿ, ಕೈಮುಗಿದು ಪ್ರಶ್ನೆ ಕೇಳಿ ಕೂಡುವುದು. ಬಲಕ್ಕೆ ಇದ್ದ ಹೂ ಮೊದಲು ಬಿದ್ದರೆ ದೇವಿ ಒಪ್ಪಿದಳು, ಎಡಕ್ಕಿದ್ದದ್ದು ಬಿದ್ದರೆ ಇಲ್ಲ. ಒಮ್ಮೆ ಕೇಳಿದ ಮಾತನ್ನು ಮತ್ತೆ ವರ್ಷ ತುಂಬುವವರೆಗೆ ಕೇಳುವಂತಿಲ್ಲ. ಹೂ ಕೇಳುವ ಪದ್ಧತಿ ನನಗೆ ಹೊಸದಲ್ಲ. ತಿಕೋಟಾದಲ್ಲಿ ಅವ್ವ ದೇವರ ಜಗಲಿಯ ಮುಂದೆ ಕೂತು ಕೇಳುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೆ.

ಅತ್ತೆಯವರು ಬೇಡ ಎನ್ನಲು ಹೂ ಕೇಳಿದವರಲ್ಲ. ಹುಡುಗಿಯ ಎದೆಗೆ ಕತ್ತಿ ಹಾಕಿಸುವ ಮಾತು, ಅವರಿಗೆ ಧೈರ್ಯ ಸಾಲುತ್ತಿರಲಿಲ್ಲ. "ದೇವಿ ಒಂದು ಹೂಂ ಅಂದ್ಳು ಅಂದ್ರ ಸಾಕ ಬೇ, ನಾಳೆ ಮುಂಜಾನೆ ಮೋಟಾರ ಹತ್ತತೀವಿ" ಅಂದರು ನನಗೆ. ನಾನು ಒಳಗೊಳಗೇ ಕುದಿಯುತ್ತಿದ್ದೆ. ಡಾಕ್ಟರು ಹೇಳಿದ್ದಾಗಿದೆ, ಟ್ರಂಕು ತುಂಬಿದ್ದಾಗಿದೆ, ಇನ್ನು ನನ್ನ ತಂಗಿಯ ಜೀವವನ್ನು ಒಂದು ಹೂವಿನ ತೊಟ್ಟಿಗೆ ಕಟ್ಟುವುದೇ? ಬಿದ್ದರೆ ಇತ್ತ, ಬಿದ್ದರೆ ಅತ್ತ! ಆದರೆ ಬಾಯಿ ಬಿಟ್ಟು ಬೇಡ ಅನ್ನಲಿಲ್ಲ. ಬೇರೆಯದೇ ಉಪಾಯ ಹೊಳೆದಿತ್ತು.

ಅವರ ಮನೆಯ ಪದ್ಧತಿಯಲ್ಲಿ ಸೊಸೆಯ ಮಾತು ಬಂದಾಗ ಹೂ ಹಚ್ಚುವವರು ತವರಿನವರು. "ನಾವ ಹಚ್ಚಿದ್ರ ನಮಗ ಬೇಕಾದಂಗ ಹಚ್ಕೊಂಡ್ವಿ ಅಂತ ನಾಳೆ ಒಂದ ಮಾತ ಬರತೈತಿ. ನೀ ಹಚ್ಚವ್ವಾ" ಎಂದು ಅತ್ತೆಯವರು ಹರಿವಾಣ ನನ್ನ ಕೈಗೆ ಕೊಟ್ಟರು. ಮಂಗಳವಾರ ಮುಂಜಾನೆ. ತಲೆಗೆ ಸ್ನಾನ ಮಾಡಿ, ಉಪವಾಸವಿದ್ದು, ಬಾವಿಯ ಹತ್ತಿರದ ಗಿಡದಿಂದ ಎರಡು ಕೆಂಪು ಕಣಗಿಲೆ ಹೂ ಹರಿದುಕೊಂಡು ಗುಡಿಯೊಳಗೆ ನಾನೊಬ್ಬಳೇ ಹೋದೆ. ಉಳಿದವರು ಹೊಸ್ತಿಲ ಆಚೆ ನಿಂತಿದ್ದರು. ತಂಗಿಯನ್ನು ಚಕ್ಕಡಿಯಲ್ಲಿ ಕರೆತಂದು ಕಟ್ಟೆಯ ಮೇಲೆ ಕೂರಿಸಿದ್ದರು.

ದೇವಿಗೆ ಆಗ ತಾನೇ ನೀರು ಹಾಕಿದ್ದರು, ಕಲ್ಲು ಒದ್ದೆಯಾಗಿತ್ತು. ನನ್ನ ಎಡಗೈ ಕಡೆಗಿದ್ದ ದೇವಿಯ ಭುಜಕ್ಕೆ ಗಂಧವನ್ನು ದಪ್ಪಗೆ ಮೆತ್ತಿ ಅದರಲ್ಲಿ ಹೂವನ್ನು ಒತ್ತಿದೆ. ಅದು ಮಧ್ಯಾಹ್ನದವರೆಗೂ ಬೀಳುವಂತಿರಲಿಲ್ಲ. ನನ್ನ ಬಲಗೈ ಕಡೆಯ ಭುಜವನ್ನು ಸೆರಗಿನ ತುದಿಯಿಂದ ಒರೆಸಿ ಒಣಗಿಸಿ, ಬೆರಳ ತುದಿಯ ಒಂದು ಹನಿ ನೀರಿನಲ್ಲಿ ಇನ್ನೊಂದು ಹೂವನ್ನು ಆನಿಸಿ ಬಿಟ್ಟೆ. ದೇವಿಗೆ ಮೋಸ ಮಾಡುತ್ತಿದ್ದೇನೆ ಎಂದು ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ತಾಯಿ, ಪಾಪ ನನಗೆ ಇರಲಿ, ಹುಡುಗಿ ಬದುಕಲಿ ಎಂದು ಹೇಳಿಕೊಂಡು ಹಿಂದೆ ಸರಿದೆ.

ಅತ್ತೆಯವರು ಒಳಗೆ ಬಂದು ಸೆರಗೊಡ್ಡಿ ಕೂತರು. "ಯವ್ವಾ, ಸೊಸಿನ್ನ ಮುಂಬಯಿಗೆ ಒಯ್ಯಬೇಕಂತೀವಿ. ನಿನ್ನ ಒಪ್ಪಿಗಿ ಇದ್ರ ಬಲಕ್ಕ ಕೊಡು, ಇಲ್ಲಾ ಅಂದ್ರ ಎಡಕ್ಕ ಕೊಡು" ಅಂದರು. ಆ ಮಾತು ಮುಗಿಯಿತೋ ಇಲ್ಲವೋ, ನಾನು ಸಡಿಲವಾಗಿ ಆನಿಸಿದ್ದ ಹೂ ಜಾರಿ ಕೆಳಗೆ ಬಿತ್ತು. ನಾನು ನಕ್ಕೆ. ಕೈಮುಗಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕೆ. ನಗುತ್ತಲೇ ತಿರುಗಿ ನೋಡಿದರೆ ಅತ್ತೆಯವರು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

"ಎಡಕ್ಕ ಕೊಟ್ಟಳಲ್ಲೋ ಯಪ್ಪಾ! ಎಡಕ್ಕ ಕೊಟ್ಟಳಲ್ಲೋ!"

"ಎಡಕ್ಕ ಅಲ್ರಿ ಅತ್ತ್ಯಾರ, ಬಲಕ್ಕ! ನೋಡ್ರಿ, ನನ್ನ ಬಲಗೈ ಕಡಿದ ಬಿದ್ದೈತಿ" ಅಂದೆ.

"ನಿನ್ನ ಬಲಗೈ ತಗೊಂಡು ಏನ ಮಾಡ್ಲಿ ಬೇ? ದೇವಿ ಬಲಗೈ ನೋಡು, ಕತ್ತಿ ಹಿಡದ ಕೈ. ಆ ಕಡಿದು ಮಿಸುಕಿಲ್ಲ."

ದೇವಿ ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದಳು. ಕತ್ತಿ ಹಿಡಿದ ಆಕೆಯ ಬಲಗೈ ನನ್ನ ಎಡಗೈಗೆ ಎದುರಾಗಿತ್ತು. ನಾನು ಗಂಧ ಮೆತ್ತಿ ಭದ್ರ ಮಾಡಿದ ಹೂ ಆ ಭುಜದ ಮೇಲೆ ಕೆಂಪಗೆ ಕೂತಿತ್ತು. ತಿಕೋಟಾದ ನಮ್ಮ ಮನೆಯಲ್ಲಿ ಕೇಳುವವರ ಬಲಗೈ ಲೆಕ್ಕಕ್ಕೆ ಬರುತ್ತಿತ್ತು. ಬಬಲೇಶ್ವರದ ಇವರ ಮನೆಯಲ್ಲಿ ದೇವಿಯ ಬಲಗೈ. ಹತ್ತು ಹದಿನೈದು ಮೈಲಿಯ ಅಂತರದಲ್ಲಿ ಎರಡು ಮನೆ, ಎರಡು ಪದ್ಧತಿ. "ನಿಮ್ಮಲ್ಲಿ ಯಾವ ಕಡೆದ್ರಿ?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡವಳು, ಕ್ಲಾಸಿನಲ್ಲಿ ಹುಡುಗಿಯರಿಗೆ ಅದನ್ನೇ ಬಾಯಿಪಾಠ ಮಾಡಿಸಿದವಳು, ಕೇಳಲಿಲ್ಲ. ನಾನು ಏನೂ ಮಾಡದೆ ಎರಡೂ ಹೂವನ್ನು ಒಂದೇ ರೀತಿ ಹಚ್ಚಿದ್ದರೆ ಆಕೆಗೆ ಅರ್ಧ ಆಸೆಯಾದರೂ ಇತ್ತು. ಆ ಅರ್ಧವನ್ನೂ ನನ್ನ ಕೈಯಾರೆ ಒರೆಸಿ ಹಾಕಿದೆ.

ಆ ದಿನವೇ ಟ್ರಂಕು ಬಿಚ್ಚಿದರು. ತಂಗಿಯ ಗಂಡ ಒಂದೊಂದೇ ಸೀರೆ ತೆಗೆದು ಗೂಟಕ್ಕೆ ಹಾಕುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದ. ಮುಂಬಯಿಗೆ ಕಾರ್ಡು ಬರೆದು, ಹಾಸಿಗೆ ಬೇಡ ಅಂದರು. ನಾನು ಮಧ್ಯಾಹ್ನದ ಮೋಟಾರು ಹತ್ತಿ ವಿಜಾಪುರಕ್ಕೆ ಬಂದು, ಬುಧವಾರ ಸಾಲೆಗೆ ಹೋಗಿ, ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ರವಿವಾರ ಹೋದಾಗ ಅತ್ತೆಯವರು ಸಂತೆಗೆ ಹೋಗಿದ್ದರು. ತಂಗಿ ಪಕ್ಕಕ್ಕೆ ಸರಿದು ಹೊರಸಿನ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ಆಮೇಲೆ ಕೇಳಿದಳು.

"ಹೂ ಬಿದ್ದಾಗ ಎಲ್ಲಾರೂ ಅತ್ರು. ನೀ ಒಬ್ಬಾಕಿ ನಕ್ಕಿ. ಯಾಕ ನಕ್ಕಿ ಅಕ್ಕಾ?"

ಆಕೆಯ ಮುಂದೆ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಎಲ್ಲ ಹೇಳಿದೆ. ಗಂಧ ಮೆತ್ತಿದ್ದು, ಸೆರಗಿನಿಂದ ಒರೆಸಿದ್ದು, ಅವ್ವನ ಪದ್ಧತಿ ನೆನಪಿಟ್ಟುಕೊಂಡು ಬಲಗೈ ಕಡೆ ಸಡಿಲ ಮಾಡಿದ್ದು. ಹೇಳಿ ಮುಗಿಸಿ ಆಕೆಯ ಕಾಲ ಮೇಲೆ ತಲೆ ಇಟ್ಟೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ನಕ್ಕಳು. ಕಿಸಿಕಿಸಿ ಎಂದು, ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆ.

"ಗಣಿತದ ಬಾಯಾರಂತ! ಎಡಾ ಬಲಾ ಗೊತ್ತಿಲ್ಲ ಬಾಯಾರಿಗೆ!" ಅಂದಳು. ನಗು ಹೆಚ್ಚಾಗಿ ಉಸಿರು ಸಿಕ್ಕಿಕೊಂಡಿತು. ಬೆನ್ನು ನೀವಿ, ನೀರು ಕುಡಿಸಿ, ದಿಂಬು ಏರಿಸಿ ಕೂರಿಸಿದೆ.

"ಅತ್ತ್ಯಾರು ಬರಲಿ. ಇವತ್ತ ಅವರ ಕಾಲಿಗೆ ಬಿದ್ದು ಹೇಳ್ತೀನಿ. ನಾ ಮೋಸ ಮಾಡೀನಿ, ದೇವಿ ಏನೂ ಹೇಳಿಲ್ಲ, ಮತ್ತೊಮ್ಮೆ ಕೇಳ್ರಿ ಅಂತೀನಿ" ಅಂದೆ.

"ಬ್ಯಾಡ."

"ಯಾಕ ಬ್ಯಾಡ?"

"ದೇವಿ ಹೂವಿಗೆ ಕೈ ಮಾಡಿದಾಕಿ ಅಂದ್ರ ನಿನ್ನ ಈ ಹೊಸ್ತಲಾ ತುಳಿಯಗೊಡಂಗಿಲ್ಲ. ನೀ ಬರಲಿಲ್ಲ ಅಂದ್ರ ನನಗ ಯಾರ ಅದಾರ?"

"ಬರಲಿಲ್ಲಂದ್ರ ಬ್ಯಾಡ. ನೀ ಮುಂಬಯಿಗೆ ಹೋಗಿ ಬದುಕ್ತಿ."

"ಬದುಕ್ತೀನಿ ಅಂತ ಯಾರ ಬರದು ಕೊಟ್ಟಾರ? ಕೊಯ್ಯೂದು ಅಂದ್ರ ನನಗ ಭಾಳ ಅಂಜಿಕಿ ಆಕ್ಕೈತಿ ಅಕ್ಕಾ. ನೀ ರವಿವಾರಕ್ಕೊಮ್ಮೆ ಬರೂದಂತೂ ಖರೆ ಐತಿ. ನನ್ನ ಮ್ಯಾಲ ಆಣಿ ಮಾಡು, ಯಾರಿಗೂ ಹೇಳಂಗಿಲ್ಲ ಅಂತ."

ಆಣೆ ಮಾಡಿದೆ. ಹತ್ತೊಂಬತ್ತು ವರ್ಷದ ಹುಡುಗಿ ಕತ್ತಿಗೆ ಅಂಜಿ ಹೇಳಿದ ಮಾತು ಅದು. ನಾನು ಇಪ್ಪತ್ತೊಂಬತ್ತರವಳು, ಕಲಿತವಳು. ಆಣೆಯನ್ನು ಅಲ್ಲಿಯೇ ಮುರಿದು, ಸಂತೆಯಿಂದ ಬಂದವರ ಮುಂದೆ ನಿಂತು ಹೇಳಬೇಕಿತ್ತು. ಆಕೆಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ದೇವರಿಗೆ ಮೋಸ ಮಾಡಿದವಳು ಎಂಬ ಹೆಸರು ಬಬಲೇಶ್ವರದಿಂದ ವಿಜಾಪುರದ ನನ್ನ ಸಾಲೆಯವರೆಗೆ ಬರುತ್ತದೆ ಎಂದು ನನಗೆ ಅಂಜಿಕೆ ಇತ್ತು. ತಂಗಿಯ ಆಣೆ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಅನ್ನಿಸಿತ್ತು. ಥೂ ನನ್ನ ಜನ್ಮಕ್ಕೆ.

ಡಾಕ್ಟರ ಹತ್ತಿರ ಓಡಿದೆ. ಅವರು ಇನ್ನೊಂದು ಕಾಗದ ಬರೆದರು. ತಂಗಿಯ ಗಂಡ ಅದನ್ನು ಎರಡು ಸಲ ಓದಿ, "ಅವ್ವ ಒಪ್ಪಂಗಿಲ್ರಿ. ದೇವಿ ಮಾತು ಮೀರಿ ಒಯ್ದು ಏನರ ಹೆಚ್ಚುಕಡಿಮಿ ಆತಂದ್ರ ಅವ್ವನ್ನೂ ಕಳಕೋತೀನಿ" ಎಂದು ಮಡಚಿ ಜೇಬಿಗಿಟ್ಟುಕೊಂಡ. ಒಂದು ಸಲ ಮಾತ್ರ ಆಣೆ ಮುರಿಯುವುದೇ ಸೈ ಎಂದು ಗಟ್ಟಿ ಮನಸ್ಸು ಮಾಡಿ ಅಡುಗೆಮನೆಗೆ ಹೋಗಿ ಅತ್ತೆಯವರ ಎದುರು ಕೂತೆ. ಅವರು ಒಲೆಯ ಮೇಲಿಂದ ಬಿಸಿ ರೊಟ್ಟಿ ತೆಗೆದು ಬೆಣ್ಣೆ ಹಚ್ಚಿ ನನ್ನ ಮುಂದೆ ಇಟ್ಟರು. "ನಿನ್ನಂಥಾಕಿ ಹೂ ಹಚ್ಚಿದ್ದಕ್ಕ ನನ್ನ ಮನಸಿಗೆ ಒಂದ ಸಮಾಧಾನ ಐತಿ ಬೇ. ಬ್ಯಾರೇದವರು ಯಾರರ ಹಚ್ಚಿದ್ರ ಸಂಶೇ ಕಡೀತಿತ್ತು ನನಗ" ಅಂದರು. ರೊಟ್ಟಿ ತಿಂದು ಎದ್ದು ಬಂದೆ.

ಚಳಿ ಬಂತು. ತಂಗಿಯ ಕಾಲು ಬಾತವು, ಹೊಟ್ಟೆ ಬಾತಿತು. ಎಳ್ಳಮಾಸಿ ಹಬ್ಬಕ್ಕೆ ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದರೆ ಆಕೆ ಹೊರಸಿನ ಮೇಲೆಯೇ ಉಳಿದಳು, ನಾನು ಜೊತೆಗೆ ಉಳಿದೆ. ಸಜ್ಜಿ ಕಡುಬು ಒಂದು ಚೂರು ಬಾಯಿಗೆ ಹಾಕಿಕೊಂಡು ಸಾಕು ಅಂದಳು. ನನ್ನ ಗುಟ್ಟಿನ ಬಗ್ಗೆ ಮತ್ತೆ ಒಮ್ಮೆಯೂ ಮಾತೆತ್ತಲಿಲ್ಲ. ಹೊರಡುವಾಗ ಮಾತ್ರ ಸೆರಗು ಹಿಡಿದು, "ರವಿವಾರ ತಪ್ಪಸಬ್ಯಾಡ" ಅಂದಳು.

ರವಿವಾರ ಬರಲಿಲ್ಲ. ಗುರುವಾರ ಮಧ್ಯಾಹ್ನ ನಾನು ಹುಡುಗಿಯರ ನೋಟುಬುಕ್ಕು ತಿದ್ದುತ್ತ ಕೂತಿದ್ದಾಗ ಬಬಲೇಶ್ವರದ ಮೋಟಾರಿನ ಕಂಡಕ್ಟರು ಸಾಲೆಯ ಬಾಗಿಲಿಗೆ ಬಂದು ನಿಂತ. ಆತ ಬಾಯಿ ತೆರೆಯುವ ಮೊದಲೇ ಎದ್ದೆ. ಆತನ ಮೋಟಾರಿನಲ್ಲಿಯೇ ಹೋದೆ. ದಾರಿಯುದ್ದಕ್ಕೂ ಬಿಳಿಜೋಳ ಎದೆಯುದ್ದ ನಿಂತಿತ್ತು. ನಾನು ಅಳಲಿಲ್ಲ, ಅಳುವುದಕ್ಕೆ ನನಗೆ ಹಕ್ಕಿಲ್ಲ ಅನ್ನಿಸುತ್ತಿತ್ತು.

ಅಂಗಳದಲ್ಲಿ ಊರ ಹೆಂಗಸರು ತುಂಬಿದ್ದರು. ತಂಗಿಗೆ ಹಸಿರು ಸೀರೆ ಉಡಿಸಿದ್ದರು. ಮುಖ ಮುಟ್ಟಿದೆ, ತಣ್ಣಗಾಗಿತ್ತು. ಅತ್ತೆಯವರು ಎರಡೂ ಕೈ ಚಾಚಿ ನನ್ನನ್ನು ಎಳೆದು ಅಪ್ಪಿಕೊಂಡರು. ಮಗಳು ಸತ್ತವರ ಹಾಗೆ ಅಳುತ್ತಿದ್ದರು. ಅವರ ಅಳು ಸುಳ್ಳಲ್ಲ. ನನ್ನ ಅಳುವೂ ಆಗ ಕಟ್ಟೆಯೊಡೆಯಿತು. ಬಹಳ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡು ನನ್ನ ಗಲ್ಲ ಹಿಡಿದು ಎತ್ತಿದರು.

"ದೇವಿಗೆ ಮೊದಲ ಗೊತ್ತಿತ್ತು ನೋಡವ್ವಾ. ಮುಂಬಯಿಗೆ ಒಯ್ದಿದ್ರ ಹುಡುಗಿ ಪರಸ್ಥಳದಾಗ, ಎದಿ ಸೀಳಿಸ್ಕೊಂಡು ಹೋಗತಿದ್ಲು. ಈಗ ನನ್ನ ತೊಡಿ ಮ್ಯಾಲ ತಲಿ ಇಟ್ಟು ಹೋದ್ಲು. ದೇವಿ ಮಾತು ಕೇಳಿ ನಾ ಛಲೋ ಮಾಡ್ನಿ. ಮಾಡ್ನಿಲ್ಲೋ? ಊರ ಮಂದಿ ಏನರ ಅನ್ಲಿ. ನೀ ಆಕಿ ಅಕ್ಕ ಅದಿ, ಕಲ್ತಾಕಿ ಅದಿ, ಹೂ ಹಚ್ಚಿದಾಕಿ ನೀನ. ನೀ ಹೇಳು, ನಾ ಛಲೋ ಮಾಡೀನೋ ಇಲ್ಲೋ?"

ಅಳುತ್ತಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅತ್ತೆಯವರ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಅವರ ಹಿಂದೆ ನನ್ನ ತಂಗಿ ಮಲಗಿದ್ದಳು.

"ಹೌದ್ರಿ ಅತ್ತ್ಯಾರ, ಛಲೋ ಮಾಡೀರಿ" ಅಂದೆ.